ಕಪಾಟಿನಂಥ ಕೋಳಿಗೂಡು

ಫೆಬ್ರವರಿ 4

ತಮ್ಮಾ,

ಕ್ಷೇಮ ಸಮಾಚಾರವನ್ನೆಲ್ಲ ಬದಿಗಿಡುತ್ತೇನೆ. ಕ್ಷೇಮವೂ ಇಲ್ಲ, ಹೇಳಿಕೊಳ್ಳುವಂಥ ಸಮಾಚಾರವೂ ಇಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಅರ್ಧಕ್ಕೆ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯೇನೋ ಎಂಬ ಆಸೆ.

ನಮ್ಮ ಬಚ್ಚಲುಮನೆಯಲ್ಲಿ ಈಗ ನಾಲ್ಕು ಕೋಳಿಗಳಿವೆ. ತಮಾಷೆಯಲ್ಲ. ಹೋದ ವಾರ ನಾನು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗಿದ್ದಾಗ ಅಪ್ಪ ಮಂಚದ ಮೇಲಿಂದಲೇ ಕಿಟಕಿಯಲ್ಲಿ ಕೈಬೀಸಿ, ಸೈಕಲ್ಲಿಗೆ ಕೋಳಿ ಕಟ್ಟಿಕೊಂಡು ಹೋಗುತ್ತಿದ್ದವನನ್ನು ಕರೆದು ಕೊಂಡುಬಿಟ್ಟಿದ್ದಾರೆ. ನಾನು ಸಂಜೆ ಬಂದು ಬಚ್ಚಲಿನ ಬಾಗಿಲು ತೆಗೆದರೆ ಸ್ನಾನದ ಮಣೆಯ ಮೇಲೊಂದು, ಬಕೆಟ್ಟಿನ ಅಂಚಿನ ಮೇಲೊಂದು. ನೆಲವೆಲ್ಲ ಹಿಕ್ಕೆ. ಹಸಿರು, ಬಿಳಿ, ಕಂದು, ಒಂದೊಂದು ಒಂದೊಂದು ಹದದ್ದು. ನನ್ನ ಟವೆಲ್ಲನ್ನೂ ಬಿಟ್ಟಿರಲಿಲ್ಲ.

"ಇದೇನಪ್ಪಾ ಇದು?" ಅಂದೆ.

"ಕೋಳಿ," ಅಂದರು.

ಕೋಳಿ ಎಂದು ನನಗೂ ಗೊತ್ತು. ಅಪ್ಪ ಕೋಳಿ ತಂದರಲ್ಲ ಎಂಬುದು ನನ್ನ ತಲೆಗೆ ಹೋಗುತ್ತಿಲ್ಲ. ಕಂಡಕ್ಟರಾಗಿದ್ದ ಅಷ್ಟೂ ವರ್ಷ, ಕೋಳಿ ಹಿಡಿದು ಹತ್ತಿದವರನ್ನು ಸೀಟಿ ಊದಿ ಇಳಿಸುತ್ತಿದ್ದ ಮನುಷ್ಯ. ಕತ್ತಿಗೆ ಪೌಡರು, ಖಾಕಿಗೆ ಗಂಜಿ, ಜೇಬಿನಲ್ಲಿ ಮಡಿಸಿಟ್ಟ ಕರವಸ್ತ್ರ. "ಬಸ್ಸು ನಾರಿದ್ರೆ ಜನ ಕಂಡಕ್ಟರ್ ನಾರ್ತಾನೆ ಅಂತಾರೆ ಕಣ್ರೋ" ಎಂದು ದಿನಾ ಸೀಟು ಒರೆಸಿಯೇ ಗಾಡಿ ಹೊರಡಿಸುತ್ತಿದ್ದವರು. ಲಕ್ವ ಹೊಡೆದು ಎಡಭಾಗ ಬಿದ್ದ ಮೇಲೆ ಒಂದು, ಎರಡು ಎಲ್ಲ ಮಂಚದ ಮೇಲೇ ಆಗಿದೆ, ಅದು ನಿನಗೆ ಗೊತ್ತು. ಗೊತ್ತಿರುವುದರಿಂದಲೇ ನೀನು ಬರುವುದಿಲ್ಲ. ಅಪ್ಪನದ್ದು ತೊಳೆಯುವುದು ನನಗೆ ಅಭ್ಯಾಸವಾಗಿದೆ. ಅದರ ಮೇಲೆ ಕೋಳಿಗಳದ್ದೂ ಬೇಕಿತ್ತೇ? ಬೇಡ ಎಂದರೆ ಮುಖ ತಿರುಗಿಸಿ ಊಟ ಬಿಡುತ್ತಾರೆ.

ಎರಡು ವಿಷಯ. ನೀನು ಮರಗೆಲಸದವನು, ಒಂದು ಗೂಡು ಮಾಡಿಕೊಡು. ಇನ್ನೊಂದು, ನನ್ನ ಗರ್ಭಕೋಶದಲ್ಲಿ ಗಡ್ಡೆಯಿದೆ, ತೆಗೆಯಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ತಿಂಗಳಿನ ಅರ್ಧದಷ್ಟು ದಿನಗಳನ್ನು ನಾನು ರಕ್ತದ ಬಟ್ಟೆ ಹಿಂಡುವುದರಲ್ಲೇ ಕಳೆಯುತ್ತೇನೆ. ಓದಲು ಅಸಹ್ಯವಾದರೆ ಹೋಗಿ ಬಾಯಿ ಮುಕ್ಕಳಿಸಿ ಬಾ, ಕಾದಿರುತ್ತೇನೆ. ಆಪರೇಷನ್ ಆದ ಮೇಲೆ ಎರಡು ತಿಂಗಳು ಭಾರ ಎತ್ತುವಂತಿಲ್ಲ. ಅಪ್ಪನನ್ನು ಎತ್ತುವವರು ಯಾರು? ನೀನು ಬರಬೇಕು.

ಹೋದ ಸಲ ಬಂದಾಗ ಅಪ್ಪನ ಪಂಚೆ ನೋಡಿದ್ದೇ "ಸೋಪು ತರ್ತೀನಕ್ಕ" ಎಂದು ಹೋದವನು ಹಾಗೇ ಬಸ್ಸು ಹತ್ತಿದೆ. ಆ ಸೋಪು ಇನ್ನೂ ಬಂದಿಲ್ಲ.

ನಿನ್ನ ಅಕ್ಕ


ಫೆಬ್ರವರಿ 15

ಅಕ್ಕಾ,

ಊಟಕ್ಕೆ ಮೊದಲು ನಿನ್ನ ಕಾಗದ ಒಡೆದದ್ದು ತಪ್ಪಾಯಿತು.

ಗೂಡಿನ ನಕ್ಷೆ ಇದರ ಜೊತೆಗಿದೆ, ಹಲಗೆಗಳು ಲಾರಿಯಲ್ಲಿ ಬರುತ್ತವೆ, ಜೋಡಿಸಿಕೊಂಡರಾಯಿತು. ಮೊಣಕಾಲೆತ್ತರದ ಕಾಲುಗಳ ಮೇಲೆ ನಿಲ್ಲುತ್ತದೆ, ಇಲಿ ಹೆಗ್ಗಣದ ಕಾಟವಿಲ್ಲ. ಮೇಲಿನ ಮಾಡು ಹಿಂದಕ್ಕೆ ಇಳಿಜಾರು. ತಳದಲ್ಲಿ ತಗಡಿನ ತಟ್ಟೆ, ಮೇಜಿನ ಡ್ರಾಯರಿನಂತೆ ಎಳೆದರೆ ಹೊರಬರುತ್ತದೆ, ಹಿಕ್ಕೆಯನ್ನು ಕೈಯಲ್ಲಿ ಮುಟ್ಟುವ ಪ್ರಮೇಯವೇ ಇಲ್ಲ. ಒಂದು ಬದಿಗೆ ಮೊಟ್ಟೆ ಇಡಲು ಸಣ್ಣ ಖಾನೆಗಳು. ಒಳಗೆ ಅಡ್ಡಕ್ಕೆ ಒಂದು ಕೋಲು, ಕೋಳಿಗಳು ಮಲಗುವುದು ಅದರ ಮೇಲೆ ಎಂದು ಇಲ್ಲಿ ಒಬ್ಬರು ಹೇಳಿದರು.

ನಾನು ತಲೆ ಕೆಡಿಸಿಕೊಂಡದ್ದು ವಾಸನೆಯ ಬಗ್ಗೆ. ಎಲ್ಲರೂ ಸುತ್ತ ಜಾಲರಿ ಹೊಡೆದು ಬೀದಿಯನ್ನೆಲ್ಲ ನಾರಿಸುತ್ತಾರೆ. ನನ್ನದರಲ್ಲಿ ಒಳಗಿನದು ಒಳಗೇ. ಹಲಗೆಯ ಅಂಚಿಗೆ ತೋಡು ಕೊರೆದು ಒಂದರೊಳಗೊಂದು ಕೂರಿಸಿದ್ದೇನೆ, ಸಂದಿಗೆಲ್ಲ ಅಂಟು ತುಂಬಿದ್ದೇನೆ, ಬಾಗಿಲಿಗೆ ರಬ್ಬರ್ ಪಟ್ಟಿ. ಕಪಾಟು ಮಾಡುವ ಕೈ ಇದು. ಬಾಗಿಲು ಮುಚ್ಚಿದರೆ ಇರುವೆಗೂ ದಾರಿ ಸಿಗುವುದಿಲ್ಲ.

ಆಪರೇಷನ್ ವಿಷಯ ಓದಿದೆ. ಒಳ್ಳೆಯ ಆಯಾ ಒಬ್ಬಳನ್ನು ಗೊತ್ತುಮಾಡುತ್ತೇನೆ. ನಾನು ಬಂದು ಏನು ಉಪಯೋಗ, ನೀನೇ ಹೇಳು.

ತಮ್ಮ


ಮಾರ್ಚ್ 11

ತಮ್ಮಾ,

ಕೋಳಿಗೂಡಿಗೆ ಒಂದು ಪುಟ, ಅಕ್ಕನ ಹೊಟ್ಟೆಗೆ ಮೂರು ಸಾಲು. ಇರಲಿ.

ಲಾರಿಯವನು ನಿನ್ನ ಹಲಗೆಗಳನ್ನು ಗೇಟಿನ ಮುಂದೆ ಇಳಿಸಿ ಹೋದ. ಹಳೆಯ ಕಂಬಳಿ ಸುತ್ತಿ, ಒಂದೊಂದಕ್ಕೂ ಅಂಕಿ ಬರೆದು, ಮೂಲೆಗಳಿಗೆ ಬಟ್ಟೆ ಕಟ್ಟಿ, ಬಾಣಂತಿಯನ್ನು ಕಳಿಸಿದ ಹಾಗೆ ಕಳಿಸಿದ್ದೀಯ. ಮರದ ಮೇಲಿರುವ ಅಕ್ಕರೆಯಲ್ಲಿ ಕಾಲುಭಾಗ ಮನುಷ್ಯರ ಮೇಲಿದ್ದರೆ ಸಾಕಿತ್ತು ಎಂದು ಎದುರುಮನೆ ಟೈಲರಮ್ಮನ ಮುಂದೆ ಅಂದೇಬಿಟ್ಟೆ. ಆಕೆ ಮತ್ತು ನಾನು ಭಾನುವಾರವಿಡೀ ಕೂತು ಜೋಡಿಸಿದೆವು. ಒಂದು ಹಲಗೆಯನ್ನು ತಲೆಕೆಳಗಾಗಿ ಹೊಡೆದು, ಕಿತ್ತು, ಮತ್ತೆ ಹೊಡೆದೆವು. ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿದೆ.

ಚೆಂದವಾಗಿದೆ, ಸುಳ್ಳು ಹೇಳಬಾರದು. ಹಿತ್ತಲಿನಲ್ಲಿ ಯಾರೋ ಬೀರು ಮರೆತುಹೋದ ಹಾಗಿದೆ. ಟೈಲರಮ್ಮ ಬಾಗಿಲು ತೆಗೆದು ಮುಚ್ಚಿ, "ಇದರಲ್ಲಿ ನನ್ನ ರೇಷ್ಮೆ ಸೀರೆ ಇಡ್ತೀನಿ ಕಣೇ, ಕೋಳಿಗಳನ್ನ ಬೇಕಾದ್ರೆ ನಮ್ಮನೆ ಕಪಾಟಲ್ಲಿ ಹಾಕು" ಅಂದಳು.

ಆದರೆ ಒಳಗಿನ ಕೋಲಿಗೂ ಪಾಲಿಶ್ ಹೊಡೆದಿದ್ದೀಯಲ್ಲ ಮಾರಾಯ! ಕೋಳಿಗಳು ಏರಿದವು, ಜಾರಿದವು, ಒಂದರ ಮೇಲೊಂದು ಬಿದ್ದವು, ಬಿದ್ದದ್ದರ ಮೇಲೆ ಇನ್ನೊಂದು ಹಿಕ್ಕೆ ಹಾಕಿತು. ಗೋಣಿತಾಟು ಸುತ್ತಿದ ಮೇಲೆ ಕೂತವು. ಬಚ್ಚಲಿನ ನೆಲವನ್ನು ನಾನು ಹಳೆಯ ಚಾಕುವಿನಿಂದ ಕೆರೆದು ತೆಗೆದೆ. ಗಾರೆಯ ಹಾಗೆ ಹಿಡಿದುಕೊಂಡಿತ್ತು. ಉಗುರಿನ ಸಂದಿಯಲ್ಲಿ ಸೇರಿದ್ದು ಊಟ ಮಾಡುವಾಗ ಕಣ್ಣಿಗೆ ಬಿತ್ತು. ತಟ್ಟೆ ತಳ್ಳಿ ಎದ್ದೆ.

ಗೂಡು ಅಪ್ಪನ ಕಿಟಕಿಯ ಎದುರಿಗೇ ಇದೆ. ಎಲ್ಲ ಮುಗಿದ ಮೇಲೆ ಅಪ್ಪ, "ವಾಸನೆ ಬರುತ್ತಾ?" ಎಂದು ಕೇಳಿದರು.

"ಇಲ್ಲಪ್ಪಾ, ಒಂಚೂರೂ ಬರಲ್ಲ. ನಿಮ್ಮ ಮಗ ಹಾಗೆ ಮಾಡಿದಾನೆ," ಅಂದೆ.

ಖುಷಿಪಡುತ್ತಾರೆ ಅಂದುಕೊಂಡೆ. ಯಾಕೋ ಸಪ್ಪಗಾದರು.

ಆಪರೇಷನ್ನಿಗೆ ಈ ತಿಂಗಳ ಕೊನೆಗೆ ದಿನ ಕೊಟ್ಟಿದ್ದಾರೆ. ನಿನ್ನ ಆಯಾ ಬರಲಿ, ನೋಡೋಣ. ನೀನು ಬಂದಿದ್ದರೆ ಚೆನ್ನಾಗಿತ್ತು.

ಅಕ್ಕ


ಮಾರ್ಚ್ 19

ಅಕ್ಕಾ,

ಗೂಡು ಸರಿಯಾಗಿ ಕೂತಿತಲ್ಲ, ಸಂತೋಷ. ಬಾಗಿಲನ್ನು ರಪ್ಪೆಂದು ಹಾಕಬೇಡ, ರಬ್ಬರ್ ಪಟ್ಟಿ ಕಿತ್ತುಬರುತ್ತದೆ. ಪಾಲಿಶ್ ಆದ ಭಾಗಕ್ಕೆ ಒದ್ದೆ ಬಟ್ಟೆ ತಾಗಿಸಬಾರದು. ಆಯಾ ಸೋಮವಾರ ಬರುತ್ತಾಳೆ.

ತಮ್ಮ


ಏಪ್ರಿಲ್ 2

ಒದ್ದೆ ಬಟ್ಟೆ ತಾಗಿಸಬಾರದಂತೆ! ನಿನ್ನ ಗೂಡಿನ ಗೋಡೆಗಳಲ್ಲಿ ನೀರು ಇಳಿಯುತ್ತಿದೆಯಪ್ಪಾ ತಮ್ಮಾ. ಹೊರಗಿನ ನೀರಲ್ಲ. ಕೋಳಿಗಳ ಉಸಿರು.

ಮೊದಮೊದಲು ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಯುತ್ತಿತ್ತು, ಅಷ್ಟೆ. ಬಿಸಿಲು ಏರಿದ ಮೇಲೆ ಒಳಗಿನಿಂದ ಬರುವುದನ್ನು ವಾಸನೆ ಎನ್ನುವುದಕ್ಕಾಗುವುದಿಲ್ಲ. ಏಟು ಅದು. ಬಸ್‌ಸ್ಟ್ಯಾಂಡಿನ ಮೂತ್ರಾಲಯವನ್ನು ಪಾತ್ರೆಗೆ ಹಾಕಿ ಮುಚ್ಚಿ ಕುದಿಸಿದ ಹಾಗೆ. ಹಾಸಲು ನೀನು ಕಳಿಸಿದ ಮರದ ಹೊಟ್ಟು ಪೂರ್ತಿ ಅಂಬಲಿಯಾಗಿ ತಟ್ಟೆಗೆ ಅಂಟಿಕೊಂಡಿದೆ, ಡ್ರಾಯರು ಎಳೆದರೆ ಬರುವುದಿಲ್ಲ. ಶನಿವಾರ ಒಂದು ಕೋಳಿ ಸತ್ತಿತ್ತು. ಉಳಿದವು ಅದರ ಮೇಲೇ ನಿಂತಿದ್ದವು. ಎತ್ತಿದಾಗ ಚಪ್ಪಟೆಯಾಗಿತ್ತು, ತಳಭಾಗದ ಪುಕ್ಕಗಳು ಹಲಗೆಯಲ್ಲೇ ಉಳಿದವು. ಅದರ ಮೈಯಿಂದ ಹೇನುಗಳು ನನ್ನ ಕೈ ಹತ್ತಿ ರವಿಕೆಯ ತೋಳಿನೊಳಗೆ ಹೋದವು. ಹಿತ್ತಲಿನಲ್ಲೇ ನಿಂತು ಬಕೆಟ್ ನೀರು ತಲೆಯ ಮೇಲೆ ಸುರಿದುಕೊಂಡೆ. ಈಗಲೂ ಬರೆಯುತ್ತ ಬರೆಯುತ್ತ ಮೈ ತುರಿಸಿಕೊಳ್ಳುತ್ತಿದ್ದೇನೆ. ಬದುಕಿದವಕ್ಕೂ ಕಣ್ಣು ಕೀವುಗಟ್ಟಿ ಮುಚ್ಚಿಹೋಗಿವೆ. ಬಿಸಿನೀರಿನ ಹತ್ತಿಯಲ್ಲಿ ಒರೆಸುತ್ತೇನೆ. ಕೋಳಿಗೆ ಉಸಿರಾಡಲು ಗಾಳಿ ಬೇಕು ಎಂಬುದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಂಥ ಅಕ್ಕ ತಮ್ಮ ನಾವು!

ಈಗ ಗೂಡಿನ ಬಾಗಿಲು ಹಗಲೆಲ್ಲ ತೆರೆದೇ ಇಟ್ಟಿದ್ದೇನೆ. ಮನೆಯೆಲ್ಲ ಗಬ್ಬು. ಅಂಗಡಿಯಲ್ಲಿ ಒಬ್ಬರಿಗೆ ಕನ್ನಡಕ ಹಾಕಿ ಕಿವಿಯ ಹಿಂದೆ ಕಡ್ಡಿ ಸರಿಮಾಡುತ್ತಿದ್ದೆ, ಅವರು ಮೆಲ್ಲಗೆ ಮುಖ ಆಚೆ ಸರಿಸಿದರು. ನನ್ನ ಕೈ ನನಗೇ ಬೇಡವಾಯಿತು.

ನಿನ್ನ ಆಯಾ ಮಧ್ಯಾಹ್ನದವರೆಗೆ ಇದ್ದಳು. "ಕೋಳಿ ಇರ್ಬೇಕು, ಇಲ್ಲಾ ನಾನಿರ್ಬೇಕು" ಅಂದಳು. ಅಪ್ಪ ಯೋಚನೆಯನ್ನೇ ಮಾಡಲಿಲ್ಲ. "ಕೋಳಿ ಇರ್ಲಿ" ಅಂದರು. ಆಕೆ ಹೋದಳು. ಆಪರೇಷನ್ ಮುಂದಕ್ಕೆ ಹೋಯಿತು. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ಲ ನಿಮ್ಮ ಮೈಯಲ್ಲಿ, ಇನ್ನೊಂದು ಸಲ ಮುಂದಕ್ಕೆ ಹಾಕಿದ್ರೆ ನಾನು ಜವಾಬ್ದಾರಳಲ್ಲ" ಎಂದು ಬೈದರು.

ಇಷ್ಟರಲ್ಲಿ ಅಪ್ಪ ಒಬ್ಬರೇ ಗೆಲುವಾಗಿದ್ದಾರೆ. ಅವರ ಹಳೆಯ ಬಸ್ಸಿನ ಡ್ರೈವರ್ ಮಾಮ ನೋಡಲು ಬಂದಿದ್ದರು. ಬಾಗಿಲಲ್ಲೇ ಮೂಗಿಗೆ ಟವೆಲ್ ಹಿಡಿದರು. ಅಪ್ಪ ಮಂಚದಿಂದಲೇ ಗಟ್ಟಿಯಾಗಿ, "ಕೋಳಿ ಕಣಯ್ಯಾ! ಸುಡುಗಾಡು ಕೋಳಿ! ಬಾ, ಕೂತ್ಕೋ" ಎಂದು ನಕ್ಕರು. ಬಂದವರು ಎಷ್ಟೋ ಹೊತ್ತು ಕೂತು ಹರಟೆ ಹೊಡೆದರು. ಲಕ್ವ ಹೊಡೆದ ಮೇಲೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿದ್ದ ಮನುಷ್ಯ!

ನನಗೆ ಕೋಳಿಗಳ ಮೇಲೆ ಹೇಸಿಗೆಯಿದೆ. ಆದರೆ ಅವಕ್ಕಿಂತ ಹೆಚ್ಚು ಹೇಸಿಗೆ, ಹೇಳಿಯೇಬಿಡುತ್ತೇನೆ, ನಿನ್ನ ಮೇಲೆ. ಕೋಳಿಗೆ ಬುದ್ಧಿಯಿಲ್ಲ, ಇದ್ದ ಕಡೆ ಗಲೀಜು ಮಾಡುತ್ತದೆ. ನೀನು ಗಲೀಜು ಇರುವ ಕಡೆ ಇರುವುದೇ ಇಲ್ಲ.

ಅಕ್ಕ


ಏಪ್ರಿಲ್ 10

ಅಕ್ಕಾ,

ನಾನು ಇಷ್ಟು ವರ್ಷ ಪೆಟ್ಟಿಗೆ ಮಾಡಿದ್ದು ಬಟ್ಟೆಗಳಿಗೆ. ಬಟ್ಟೆ ಉಸಿರಾಡುವುದಿಲ್ಲವಲ್ಲ. ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನು ಒಂದನ್ನು ಪಾರ್ಸೆಲ್ ಮಾಡಿದ್ದೇನೆ, ಗೂಡಿನ ಮೇಲ್ಗಡೆ ಒಂದು ತೂತು ಮಾಡಿಸಿ ಹಾಕಿಸು.

ಬರುವುದಕ್ಕಾಗುವುದಿಲ್ಲ ಅಕ್ಕಾ. ಊಟದಲ್ಲಿ ಒಂದು ಕೂದಲು ಸಿಕ್ಕಿದರೆ ನನಗೆ ಎರಡು ದಿನ ಅನ್ನ ಇಳಿಯುವುದಿಲ್ಲ, ಇದು ನಿನಗೆ ಚಿಕ್ಕಂದಿನಿಂದ ಗೊತ್ತು. ಬೇಕೆಂದು ಮಾಡುವುದಲ್ಲ, ಹೊಟ್ಟೆ ತಾನಾಗಿ ಎದ್ದು ಬರುತ್ತದೆ. ಹೋದ ಸಲ ಬಂದಾಗ ನನ್ನ ಮುಖ ಹೇಗಾಯಿತೋ ಏನೋ, ಅಪ್ಪ ಅದನ್ನು ನೋಡಿ, ಆಡುವ ಒಂದೇ ಕೈಯಲ್ಲಿ ಹೊದಿಕೆ ಎಳೆದುಕೊಳ್ಳಲು ಒದ್ದಾಡಿದರು. ಮತ್ತೆ ಬಂದು ಅದೇ ಮುಖ ತೋರಿಸಲೇ? ಬೇರೆ ಆಯಾ ಹುಡುಕುತ್ತಿದ್ದೇನೆ.

ತಮ್ಮ


ಏಪ್ರಿಲ್ 21

ತಮ್ಮಾ,

ಫ್ಯಾನು ಬಂತು. ಪೆಟ್ಟಿಗೆ ಒಡೆಯದೆ ಮೂಲೆಯಲ್ಲಿಟ್ಟಿದ್ದೇನೆ. ಅಪ್ಪನ ಮಗ ಯಾರು ಎಂದು ಕೇಳಿದವರಿಗೆ ಅದನ್ನು ತೋರಿಸುತ್ತೇನೆ.

ಅಂಗಡಿಯಲ್ಲಿ ತಲೆಸುತ್ತಿ ಬಿದ್ದೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರುತ್ತಿದ್ದೇನೆ, ಈ ಸಲ ಮುಂದಕ್ಕೆ ಹಾಕುವುದಿಲ್ಲ. ಆವತ್ತು ಮಧ್ಯಾಹ್ನದವರೆಗೆ ಟೈಲರಮ್ಮ ಅಪ್ಪನ ಹತ್ತಿರ ಇರುತ್ತಾಳೆ, ಬೀಗದ ಕೈ ಅವಳ ಬಳಿಯಿದೆ. ಆಮೇಲೆ ಯಾರೂ ಇಲ್ಲ. ಅಪ್ಪನಿಗೆ ನೀನು ಬರುತ್ತೀಯ ಎಂದು ಹೇಳಿದ್ದೇನೆ. ಅದು ಸುಳ್ಳಾದರೆ ಹಾಗೆಂದು ನೀನೇ ಅವರಿಗೆ ಬರೆ. ನನ್ನ ಕೈಯಲ್ಲಿ ಹೇಳಿಸಬೇಡ.

ಅಕ್ಕ


ಮೇ 3

ಅಕ್ಕಾ,

ಟೈಲರಮ್ಮ ಆಸ್ಪತ್ರೆಗೆ ಹೊರಟಿದ್ದಾರೆ, ಇದನ್ನು ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಅಪ್ಪನನ್ನು ಬಿಟ್ಟು ನಾನು ಬರುವಂತಿಲ್ಲ. ಗಡ್ಡೆ ಕೆಟ್ಟದ್ದಲ್ಲ, ನಾಡಿದ್ದು ಬಿಡುತ್ತಾರೆ ಎಂದು ಅವರು ಹೇಳಿದಾಗ ಅಡುಗೆಮನೆಗೆ ಹೋಗಿ ಅವರಿಗೆ ಕಾಫಿ ಮಾಡಿಕೊಟ್ಟೆ.

ಸೋಮವಾರ ನೀನು ಆಟೋ ಹತ್ತುವುದನ್ನು ಬೀದಿಯ ಕೊನೆಯಲ್ಲಿ ನಿಂತು ನೋಡಿಯೇ ಬಂದೆ. ನಿನ್ನ ಎದುರಿಗೆ ಬಂದಿದ್ದರೆ ಗೇಟಿನಿಂದಲೇ ಓಡುತ್ತಿದ್ದೆನೇನೋ. ಬರುವಾಗ ಮೂಲೆಯ ಅಂಗಡಿಯಲ್ಲಿ ಸೋಪು ಕೊಂಡೆ. ಅಪ್ಪ ನನ್ನ ಮುಖ ನೋಡಿದರು, ಕೈಯಲ್ಲಿದ್ದ ಸೋಪು ನೋಡಿದರು. "ಅಂಗಡಿ ಅಷ್ಟು ದೂರ ಇತ್ತೇನೋ?" ಅಂದರು.

ಅಪ್ಪನ ಕೋಣೆಗಿಂತ ಗೂಡು ಸುಲಭ ಎಂದು ಮೊದಲು ಗೂಡಿಗೆ ಕೈಹಾಕಿದೆ. ಮೂಗಿಗೆ ಟವೆಲ್ ಬಿಗಿದುಕೊಂಡು ಕಬ್ಬಿಣದ ಪಟ್ಟಿಯಿಂದ ತಟ್ಟೆ ಎಬ್ಬಿಸಿದೆ. ಅದು ಬಂದಾಗ ಅದರಡಿಯಲ್ಲಿ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ. ನಿನ್ನ ಕೋಳಿಗಳು ತಡವರಿಸುತ್ತ ಬಂದು ಅದನ್ನು ಹೆಕ್ಕಿ ತಿಂದವು. ಅದನ್ನು ನೋಡಿ ಇನ್ನೊಂದು ಸಲ ಮಾಡಿದೆ, ಅದನ್ನೂ ತಿಂದವು. ಇಂಥ ಪ್ರಾಣಿಯ ಮೊಟ್ಟೆಯನ್ನು ಇಷ್ಟು ವರ್ಷ ತಿಂದೆನಲ್ಲ ಎಂದು ಅಳು ಬಂತು. ಅಪ್ಪ ಕಿಟಕಿಯಲ್ಲಿ ಎಲ್ಲ ನೋಡುತ್ತ ನಗುತ್ತಿದ್ದರು.

ಗೂಡನ್ನು ಕುಯ್ದೆ. ನಾನೇ ಕೂರಿಸಿದ ಸಂದಿಗಳಿಗೆ ನಾನೇ ಗರಗಸ ಹಾಕಿದೆ. ಮುಂದಿನ ಹಲಗೆ ಪೂರ್ತಿ ತೆಗೆದು ಜಾಲರಿ ಹೊಡೆದೆ, ಮಾಡಿನ ಕೆಳಗೆ ಎರಡೂ ಬದಿಗೆ ಅಂಗೈ ಅಗಲದ ಸಂದು ಬಿಟ್ಟೆ, ರಬ್ಬರ್ ಪಟ್ಟಿ ಕಿತ್ತೆಸೆದೆ. ಬಿಸಿನೀರಿಗೆ ಸುಣ್ಣ ಕಲಸಿ ಒಳಗೆಲ್ಲ ಬಳಿದೆ. ಒಣ ಹೊಟ್ಟು ಹಾಸಿದೆ. ಎರಡೇ ದಿನದಲ್ಲಿ ಕೋಳಿಗಳು ಕಣ್ಣು ಬಿಟ್ಟವು, ಹಿತ್ತಲಿನಲ್ಲಿ ವಾಸನೆಯೇ ಇಲ್ಲ. ಬೀಗುತ್ತ ಅಪ್ಪನ ಹತ್ತಿರ ಹೋಗಿ, "ಈಗ ಹೇಗಿದೆ ನೋಡಿ ಅಪ್ಪಾ, ಏನಾದ್ರೂ ನಾರುತ್ತಾ?" ಅಂದೆ.

"ಸರಿ ಮಾಡ್ಬಿಟ್ಯಾ?" ಅಂದರು. ಗೋಡೆಯ ಕಡೆ ಮುಖ ತಿರುಗಿಸಿದರು.

ಆವತ್ತು ಊಟ ಬೇಡ ಅಂದರು. ಮರುದಿನ ನೀರೂ ಬೇಡ. ಕುಡಿದರೆ ತಾನೇ ಬಟ್ಟೆ ಒದ್ದೆಯಾಗುವುದು! ಡ್ರೈವರ್ ಮಾಮ ಬಂದು ಬಾಗಿಲು ತಟ್ಟಿದರೆ, "ಮಲಗಿದಾರೆ ಅಂತ ಹೇಳೋ" ಎಂದು ಪಿಸುಗುಟ್ಟಿದರು. ಅವರನ್ನು ಕಳಿಸಿ ಬಂದು ನಾನು ಕೂಗಾಡಿದೆ. ನೀನು ಫೋನಿನಲ್ಲಿ ಕೂಗುವಂತೆಯೇ. ನಿಮಗೋಸ್ಕರ ಕೆಲಸ ಬಿಟ್ಟು ಬಂದೆ, ಹುಳ ಹಿಡಿದ ಗೂಡು ತೊಳೆದೆ, ಇನ್ನೇನು ಬೇಕು ನಿಮಗೆ ಅಂದೆ.

ಅಪ್ಪ ಗೋಡೆ ನೋಡುತ್ತಲೇ ಹೇಳಿದರು. "ಬಂದೋರು ಮೂಗು ಮುಚ್ಕೊಂಡ್ರೆ ಕೋಳಿ ಅಂತ ಹೇಳ್ತಿದ್ದೆ. ಅದಕ್ಕೇ ಕಣೋ ತರ್ಸಿದ್ದು. ಈ ಮನೇಲಿ ನನಗಿಂತ ಜಾಸ್ತಿ ನಾರೋದು ಏನಾದ್ರೂ ಒಂದು ಇರ್ಲಿ ಅಂತ. ನೀನು ಬಂದು ಅದನ್ನ ಕ್ಲೀನ್ ಮಾಡ್ಬಿಟ್ಟೆ. ಇನ್ನು ನಾನೊಬ್ಬನೇ ಉಳ್ದೆ."

ನೀವು ನಾರುವುದಿಲ್ಲ ಅಪ್ಪಾ ಎನ್ನಬಹುದಿತ್ತು. ಅಪ್ಪನ ಕೋಣೆಯಲ್ಲೂ ಮೂಗಿಗೆ ಟವೆಲ್ ಕಟ್ಟಿಕೊಂಡೇ ನಿಂತವನು ಆ ಮಾತನ್ನು ಹೇಗೆ ಹೇಳುವುದು? ಟವೆಲ್ ಬಿಚ್ಚಿದೆ. ಬಿಸಿನೀರು ತಂದೆ. ಅಷ್ಟು ದಿನ ಟೈಲರಮ್ಮನ ಯಜಮಾನರನ್ನು ಕರೆದು ಅವರ ಕೈಯಲ್ಲಿ ಮಾಡಿಸುತ್ತಿದ್ದ ಕೆಲಸವನ್ನು ನಾನು ಮಾಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಮುಖ ನೋಡಬಾರದೆಂದು ಮುಚ್ಚಿಕೊಂಡರು ಎಂದು ನನಗೆ ಗೊತ್ತು.

ಹೇಸಿಗೆ ಹೋಯಿತು ಎಂದು ಸುಳ್ಳು ಬರೆಯುವುದಿಲ್ಲ. ಹೋಗಿಲ್ಲ, ಹೋಗುವ ಹಾಗೂ ಕಾಣುವುದಿಲ್ಲ. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡು ಎಲ್ಲ ಮುಗಿಸಿ, ಒಣಬಟ್ಟೆ ಉಡಿಸಿ, ಪೌಡರು ಹಾಕಿ, ಹಿತ್ತಲಿಗೆ ಹೋಗಿ ಕಕ್ಕಿ ಬರುತ್ತೇನೆ. ಅಪ್ಪ "ಏನಾಯ್ತೋ?" ಎಂದು ಕೇಳಿದರೆ "ಈ ದರಿದ್ರ ಕೋಳಿಗಳ ಗಬ್ಬು ಅಪ್ಪಾ, ತಡಿಯಕ್ಕಾಗ್ತಿಲ್ಲ" ಅನ್ನುತ್ತೇನೆ. "ಅಲ್ವೇನೋ!" ಅನ್ನುತ್ತಾರೆ.

ಗೂಡಿಗೆ ಬೇಕಾದಷ್ಟು ಗಾಳಿಯಿದೆ, ಕೋಳಿಗಳು ಚೆನ್ನಾಗಿವೆ, ಅವುಗಳ ಯೋಚನೆ ಬೇಡ. ಆದರೆ ತಟ್ಟೆಯ ಹಿಕ್ಕೆಯನ್ನು ದೂರ ಎಸೆಯುತ್ತಿಲ್ಲ. ಅಪ್ಪನ ಕಿಟಕಿಯ ಕೆಳಗೇ ಸುರಿದು, ನೀರು ಚಿಮುಕಿಸಿ ಇಡುತ್ತೇನೆ. ಗಿಡಕ್ಕೆ ಗೊಬ್ಬರ ಎಂದು ಎಲ್ಲರಿಗೂ ಹೇಳಿದ್ದೇನೆ, ಅಲ್ಲಿ ಗಿಡವೇ ಇಲ್ಲ. ನಿನ್ನೆ ಡ್ರೈವರ್ ಮಾಮ ಮತ್ತೆ ಬಂದರು. "ಏನಯ್ಯಾ ಇದು, ಮನೇನಾ ತಿಪ್ಪೆನಾ?" ಎಂದು ಮೂಗು ಹಿಡಿದುಕೊಂಡೇ ಒಳಗೆ ಬಂದು ಮಂಚದ ಮೇಲೆ ಕೂತರು. ಅಪ್ಪ ಅವರೆದುರಿಗೇ ಊಟ ಮಾಡಿದರು.

ನಾಡಿದ್ದು ನೀನು ಬಂದಾಗ ವಾಸನೆ ಗೇಟಿನಲ್ಲೇ ಬಡಿಯುತ್ತದೆ. ಮೂಗು ಮುಚ್ಚಿಕೊಂಡರೂ ಪರವಾಗಿಲ್ಲ. ಕಿಟಕಿಗೆ ಕೇಳಿಸುವ ಹಾಗೆ ಕೋಳಿಗಳನ್ನು ಚೆನ್ನಾಗಿ ಬೈದು ಒಳಗೆ ಬಾ.

ನಿನ್ನ ತಮ್ಮ